ದೊದೊಲ್: ಒಂದು ಅಂಟಕ್ಕಿಯ ಭಕ್ಷ್ಯದ ಪಶ್ಚಿಮಯಾನ

ಬೃಹದ್ಭಾರತದ ವಿಷಯವಾಗಿ ಬರೆಯುವವರು ಪಶ್ಚಿಮದಿಂದ ಪೂರ್ವಕ್ಕೆ ಹೋದ ವಸ್ತುಗಳನ್ನೇ ಹೆಚ್ಚಾಗಿ ಎಣಿಸುತ್ತ ಬಂದಿರುವರು. ಲಿಪಿ, ಕಾವ್ಯ, ದೇವತೆಗಳು, ದೇವಾಲಯಶಿಲ್ಪ ಇವು ಜಾವಾ ಬಾಲಿ ದ್ವೀಪಗಳಿಗೆ ನಮ್ಮ ದೇಶದಿಂದ ಹೋದುವೆಂಬುದು ನಿಜವೇ. 1926ರಲ್ಲಿ ಕಲ್ಕತ್ತೆಯಲ್ಲಿ ಗ್ರೇಟರ್ ಇಂಡಿಯಾ ಸೊಸೈಟಿಯು ಸ್ಥಾಪಿತವಾದಂದಿನಿಂದ ಈ ದೃಷ್ಟಿಯು ಮತ್ತಷ್ಟು ಬಲವಾಯಿತು. ಆದರೆ ಹಡಗುಗಳು ಹೋದಂತೆ ಹಿಂದಿರುಗಿಯೂ ಬಂದುವಷ್ಟೆ. ಅವು ಇತ್ತ ಏನನ್ನು ತಂದುವೆಂಬ ವಿಚಾರಕ್ಕೆ ದೊದೊಲ್ ಎಂಬ ಸಿಹಿತಿಂಡಿಯು ಒಳ್ಳೆಯ ಸಾಕ್ಷಿ.

ಇಂಡೊನೇಷ್ಯದಲ್ಲಿ ಇದನ್ನು ಮಾಡುವ ಕ್ರಮವು ಸರಳ, ಶ್ರಮವು ಮಾತ್ರ ವಿಶೇಷ. ಕೆತಾನ್ ಎಂಬ ಅಂಟಕ್ಕಿಯ ಹಿಟ್ಟು, ತೆಂಗಿನಕಾಯಿಯ ಹಾಲು, ಅರೆನ್ ಎಂಬ ತಾಳಜಾತಿಯ ಮರದ ಬೆಲ್ಲ, ಇವು ಮೂರನ್ನೂ ದೊಡ್ಡ ಬಾಣಲೆಯಲ್ಲಿ ಕೂಡಿಸಿ, ತಳ ಹಿಡಿಯದಂತೆ ಗಂಟೆಗಟ್ಟಲೆ ಮಗುಚುತ್ತಿರಬೇಕು. ಪಾಕವು ಕಪ್ಪಾಗಿ, ಎಣ್ಣೆ ಬಿಟ್ಟು, ಹುಟ್ಟನ್ನು ತಿರುಗಿಸುವುದೇ ಕಷ್ಟವಾದಾಗ ಇಳಿಸುವರು. ಒಬ್ಬರಿಂದ ಆಗುವ ಕೆಲಸವಲ್ಲ. ಜಕಾರ್ತದ ಬೆತಾವಿ ಜನರು ರಂಜಾನಿನ ಹಬ್ಬಕ್ಕೆ ಬಂಧುಗಳೆಲ್ಲ ಕೂಡಿ ಸರದಿಯ ಮೇಲೆ ಮಗುಚುವರು. ಪಶ್ಚಿಮ ಜಾವಾದ ಗಾರುತ್ ಪಟ್ಟಣವು ಈ ಭಕ್ಷ್ಯಕ್ಕೇ ಪ್ರಸಿದ್ಧವಾಗಿದೆ. ಬಾಲಿಯಲ್ಲಿ ಇದನ್ನು ಒಣಗಿದ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಗಲುಂಗಾನ್ ಹಬ್ಬದಲ್ಲಿ ನೈವೇದ್ಯಕ್ಕಿಡುವರು. (ಮುಸುಕಿನ ಜೋಳವೂ ಅಮೆರಿಕದಿಂದ ಬಂದ ವಲಸೆಗಾರನೇ ಎಂಬುದನ್ನು ವಾಚಕರು ನೆನೆಯಬಹುದು.)

ಅಂಟಕ್ಕಿಯ ಅಂಟಿಗೆ ಕಾರಣವು ಅದರ ಪಿಷ್ಟದಲ್ಲಿದೆ. ಸಾಧಾರಣ ಅಕ್ಕಿಯಲ್ಲಿ ಗಣನೀಯವಾಗಿರುವ ಅಮೈಲೋಸ್ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಹುಮಟ್ಟಿಗೆ ಎಲ್ಲವೂ ಅಮೈಲೋಪೆಕ್ಟಿನ್. ಈ ಗುಣವನ್ನುಂಟುಮಾಡಿದ ಬೀಜವ್ಯತ್ಯಾಸವು ಒಮ್ಮೆ ಮಾತ್ರ, ಪ್ರಾಯಶಃ ಆಗ್ನೇಯ ಏಷ್ಯದಲ್ಲಿ ಹುಟ್ಟಿತೆಂದು 2002ರಲ್ಲಿ ಪ್ರಕಟವಾದ ಅನುವಂಶಶಾಸ್ತ್ರದ ಸಂಶೋಧನೆಯು ಸೂಚಿಸುತ್ತದೆ. ಭಾರತದಲ್ಲಿ ಅಸ್ಸಾಮಿನ 'ಬೋರಾ' ಮೊದಲಾದ ಈಶಾನ್ಯದ ತಳಿಗಳನ್ನು ಬಿಟ್ಟರೆ ಅಂಟಕ್ಕಿಯ ಬಳಕೆಯು ವಿರಳ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ನಮ್ಮ ಮಲೆನಾಡು ಕರಾವಳಿಗಳಲ್ಲಿ ಹಾಲುಬಾಯಿ ಎಂಬುದಿದೆಯಲ್ಲ? ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿಯೊಡನೆ ರುಬ್ಬಿ, ಬೆಲ್ಲ ಸೇರಿಸಿ, ಮಗುಚಿ ಗಟ್ಟಿಮಾಡಿ, ತಟ್ಟೆಗೆ ಹೊಯ್ದು ಕೊಯ್ಯುವ ಈ ತಿಂಡಿಗೂ ದೊದೊಲಿಗೂ ಇರುವ ಸಾಮ್ಯವು ಪ್ರತ್ಯಕ್ಷವಾಗಿದೆ. ಹೀಗಿರಲು ದೊದೊಲನ್ನು ಹೊರಗಿನದೆನ್ನುವುದೇಕೆ? ಅಕ್ಕಿ, ತೆಂಗು, ಬೆಲ್ಲ ಮೂರೂ ಬೆಳೆಯುವ ಕಡೆಯಲ್ಲೆಲ್ಲ ಇಂತಹ ಪಾಕವು ತಾನಾಗಿಯೇ ಹುಟ್ಟಬಲ್ಲುದು. ಆದುದರಿಂದ ವಸ್ತುಸಾಮ್ಯವೊಂದೇ ಯಾವ ಪಕ್ಷಕ್ಕೂ ಪ್ರಮಾಣವಾಗಲಾರದು. ಆದರೆ ಹೆಸರು ತಾನಾಗಿ ಹುಟ್ಟುವುದಿಲ್ಲ. ದೊದೊಲ್ ಶಬ್ದವು ಮಲಯ, ಸುಂಡಾ, ಬಾಲಿ ಭಾಷೆಗಳಲ್ಲಿಯೂ, ಪೋರ್ಚುಗೀಸರು ಆಳದ ಮಿಂದನಾವೊ ದ್ವೀಪದ ಮುಸಲ್ಮಾನರಲ್ಲಿಯೂ ವ್ಯಾಪಿಸಿದೆ. ನಮ್ಮ ಕಡೆಯಲ್ಲಾದರೋ ಅದು ಗೋವೆ ಹಾಗೂ ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ, ಸಿಂಹಳದಲ್ಲಿ, ತಮಿಳುನಾಡಿನ ಕೀಳಕ್ಕರೆಯಂತಹ ರೇವುಗಳಲ್ಲಿ ಕೇಳಿಬರುತ್ತದೆ. ಘಟ್ಟ ಹತ್ತಿ ಒಳನಾಡಿಗೆ ಬಂದರೆ ಕೇಳಬರುವುದಿಲ್ಲ. ಒಳನಾಡಿನಲ್ಲಿ ಬೇರಿಲ್ಲದೆ ರೇವುಗಳಲ್ಲಿ ಮಾತ್ರ ಉಳಿದ ಶಬ್ದವು ಕಡಲಿನಿಂದ ಬಂದುದೆಂದು ಊಹಿಸುವುದೇ ಯುಕ್ತ. ಕೀಳಕ್ಕರೆಯವರು 'ತೊದಲ್' ಎನ್ನುವರೆಂದು ನಮ್ಮ 'ತೊದಲು' ಶಬ್ದವನ್ನು ಎಳೆತಂದು ನಿಷ್ಪತ್ತಿ ಹೇಳಹೊರಡುವುದು ಕೇವಲ ನಾದಕ್ಕೆ ಮರುಳಾಗುವುದು.

ಬಂದ ದಾರಿಯನ್ನು ಗುರುತಿಸುವುದು ಕಷ್ಟವಲ್ಲ. ಅಫೊನ್ಸೊ ದ ಅಲ್ಬುಕರ್ಕನು 1510ರಲ್ಲಿ ಗೋವೆಯನ್ನೂ 1511ರಲ್ಲಿ ಮಲಕ್ಕಾವನ್ನೂ ಹಿಡಿದನು. 1641ರಲ್ಲಿ ಡಚ್ಚರು ಮಲಕ್ಕಾವನ್ನು ಕಸಿದುಕೊಳ್ಳುವ ತನಕ ಈ ಎರಡು ರೇವುಗಳೂ ಒಂದೇ ಆಳಿಕೆಯಲ್ಲಿದ್ದುವು. ನೂರಮೂವತ್ತು ವರ್ಷಗಳ ಈ ಸಂಬಂಧದಲ್ಲಿ ಮಲಯದ ಅಡಿಗೆಯು ಗೋವೆಯ ಮನೆಗಳನ್ನು ಹೊಕ್ಕಿತೆಂದರೆ ಸೋಜಿಗವಿಲ್ಲ. ಸಿಂಹಳಕ್ಕೆ ಮತ್ತೊಂದು ದಾರಿಯೂ ಇದ್ದಿತು. ಡಚ್ಚರು ಜಾವಾದಿಂದ ಸಿಪಾಯಿಗಳನ್ನೂ ಗಡೀಪಾರಾದವರನ್ನೂ ಅಲ್ಲಿಗೆ ಸಾಗಿಸುತ್ತಿದ್ದರು. ಮತರಾಮದ ಅರಸು ಮೂರನೆಯ ಅಮಂಗ್ಕುರಾತನೇ 1708ರಲ್ಲಿ ಹಾಗೆ ಹೋದವನು. ಅಲ್ಲಿನ ಮಲಯ ಸಂತತಿಯವರು ನೆಲೆಸಿರುವ ಹಂಬನ್‌ತೋಟವು 'ಕಲು ದೊದೊಲ್', ಎಂದರೆ ಕರಿಯ ದೊದೊಲಿಗೆ, ಹೆಸರಾಗಿರುವುದು ಇದಕ್ಕೆ ಒಪ್ಪುತ್ತದೆ.

ಗೋವೆಗೆ ಬಂದ ಭಕ್ಷ್ಯವು ತನ್ನ ಅಂಟಕ್ಕಿಯನ್ನು ಕಳೆದುಕೊಂಡಿತು. ಅಲ್ಲಿ ಕ್ರಿಸ್ಮಸ್ಸಿಗೆ ಮಾಡುವ ದೊದೊಲು ಸಾಧಾರಣ ಅಕ್ಕಿಯ ಹಿಟ್ಟಿನದು, ರಾಗಿಯಿಂದಲೂ ಮಾಡುವುದುಂಟು. ಅರೆನ್ ಬೆಲ್ಲದ ಸ್ಥಾನದಲ್ಲಿ ತೆಂಗಿನ ಮರದ ಕಪ್ಪು ಬೆಲ್ಲ ನಿಂತಿತು. ಮೂಲದ ಧಾನ್ಯವೇ ಹೋದರೂ ಹೆಸರು ಹೋಗಲಿಲ್ಲ. ಇದರ ಎದುರಿಗೆ ಜಾವಾದ ಬಾಣಲೆಯನ್ನು ನೋಡಿದರೆ ಅಲ್ಲಿ ಬೆಲ್ಲಸಕ್ಕರೆಗಳಿಗೆ ಹೇಳುವ 'ಗೂಲ' ಎಂಬ ಮಾತು ಸಂಸ್ಕೃತದ 'ಗುಡ'ವೇ ಆಗಿದೆ. ಸಿಹಿಯ ಹೆಸರು ಇಲ್ಲಿಂದ ಹೋಯಿತು, ಸಿಹಿತಿಂಡಿಯ ಹೆಸರು ಅಲ್ಲಿಂದ ಬಂದಿತು. ಕರಾವಳಿಯ ಶಬ್ದಗಳನ್ನು ಸಂಗ್ರಹಿಸುವ ವಿದ್ವಾಂಸರು ದೊದೊಲಿನ ಮುಂದೆ 'ದೇಶ್ಯ'ವೆಂದು ಬರೆಯದೆ 'ಮಲಯ' ಎಂದೇ ಗುರುತಿಸತಕ್ಕುದು.