ಪರಮಾಣುಗರ್ಭದ ಬಂಧನ

ಪರಮಾಣುವಿನ ನಡುವೆ ಅತ್ಯಲ್ಪವಾದ ಬೀಜಕೇಂದ್ರವೊಂದಿದ್ದು, ಅದರ ತೂಕವೆಲ್ಲವೂ ಬಹುಮಟ್ಟಿಗೆ ಅಲ್ಲಿಯೇ ಅಡಗಿರುವುದೆಂದು ರುದರ್‌ಫರ್ಡ್ ಪಂಡಿತನು 1911ರಲ್ಲಿ ಪ್ರತಿಪಾದಿಸಿದನು. 1932ರಲ್ಲಿ ಚಾಡ್ವಿಕನು ವಿದ್ಯುದಂಶವಿಲ್ಲದ ನ್ಯೂಟ್ರಾನನ್ನು ಕಂಡುಹಿಡಿದ ಮೇಲೆ, ಆ ಬೀಜದೊಳಗಿರುವುವು ಪ್ರೋಟಾನುಗಳೂ ನ್ಯೂಟ್ರಾನುಗಳೂ ಎಂಬುದು ನಿರ್ಣಯವಾಯಿತು. ಆಗ ಒಂದು ಶಂಕೆಯು ಬಲವಾಯಿತು. ಪ್ರೋಟಾನುಗಳೆಲ್ಲವೂ ಧನವಿದ್ಯುತ್ತುಳ್ಳವು, ಸಜಾತೀಯ ವಿದ್ಯುತ್ತುಗಳು ಒಂದನ್ನೊಂದು ದೂಡುವುವು. ಅಷ್ಟು ಇಕ್ಕಟ್ಟಿನಲ್ಲಿ ಅವು ಸಿಡಿದು ಚೆದರದೆ ನಿಂತಿರುವುದು ಹೇಗೆ? ಗುರುತ್ವಾಕರ್ಷಣವೋ, ಇಲ್ಲಿ ಲೆಕ್ಕಕ್ಕೇ ಬಾರದಷ್ಟು ದುರ್ಬಲವಾದುದು.

ಇದಕ್ಕೆ ಸಮಾಧಾನವನ್ನು ಹೇಳಿದವನು ಜಪಾನಿನ ಓಸಾಕಾ ನಗರದಲ್ಲಿ ಉಪಾಧ್ಯಾಯನಾಗಿದ್ದ ಹಿಡೆಕಿ ಯುಕಾವ. ಬೀಜದೊಳಗಿನ ಕಣಗಳು ಮತ್ತೊಂದು ಕಣವನ್ನು ಪರಸ್ಪರ ಕೊಟ್ಟುಕೊಳ್ಳುವುದರಿಂದಲೇ ಈ ಬಂಧನವುಂಟಾಗುವುದೆಂದು ಅವನು 1935ರಲ್ಲಿ ಪ್ರಕಟಿಸಿದನು. ಬಲದ ವ್ಯಾಪ್ತಿಯು ಎಷ್ಟು ಕಿರಿದೋ ಆ ಕಣದ ತೂಕವು ಅಷ್ಟು ಹಿರಿದು. ಬಲವು ಬೀಜದ ಎಲ್ಲೆಯನ್ನು ಹೆಚ್ಚಾಗಿ ದಾಟದಿರುವುದರಿಂದ, ಆ ಕಣವು ಎಲೆಕ್ಟ್ರಾನಿಗಿಂತ ಸುಮಾರು 200 ಮಡಿ ತೂಕವುಳ್ಳದ್ದಾಗಿರಬೇಕು. ಯಾರೂ ಕಾಣದ ವಸ್ತುವಿನ ತೂಕವನ್ನು ಹೀಗೆ ಅನುಮಾನಪ್ರಮಾಣ ಒಂದರಿಂದಲೇ ಗೊತ್ತುಮಾಡಿದನು.

ದೂರದ ಮಂಜನ್ನು ಹೊಗೆಯೆಂದು ಬಗೆದು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವವನ ದೃಷ್ಟಾಂತವನ್ನು ನಮ್ಮ ತಾರ್ಕಿಕರು ಕೊಡುವುದುಂಟು. ಇಲ್ಲಿಯೂ ಹಾಗೆಯೇ ಆಯಿತು. 1937ರ ವೇಳೆಗೆ ಅಮೆರಿಕದಲ್ಲಿ ಆಂಡರ್‌ಸನ್ ಮತ್ತು ನೆಡ್ಡರ್‌ಮೇಯರ್ ಎಂಬವರು ವಿಶ್ವಕಿರಣಗಳಲ್ಲಿ ಸುಮಾರು ಅದೇ ತೂಕದ ಕಣವೊಂದನ್ನು ಕಂಡರು. ಯುಕಾವನ ಕಣವು ಸಿಕ್ಕಿತೆಂದು ಅನೇಕರು ನಂಬಿದರು. ಆದರೆ ಬೀಜವನ್ನು ಬಂಧಿಸತಕ್ಕ ಕಣವು ಬೀಜದ ಬಳಿ ಬಂದೊಡನೆ ಅದರಲ್ಲಿ ಲೀನವಾಗಬೇಕಷ್ಟೆ! ಇಂಗಾಲದಲ್ಲಿ ಬಂದು ನಿಂತ ಆ ಋಣಕಣಗಳು ಬೀಜದಲ್ಲಿ ಸೇರದೆ ತಾವಾಗಿಯೇ ನಶಿಸುವುವೆಂದು ರೋಮಿನ ಕಾನ್ವೆರ್ಸಿ, ಪಾಂಚೀನಿ, ಪಿಚ್ಚೋನಿ ಎಂಬ ಮೂವರು 1947ರಲ್ಲಿ ತೋರಿಸಿದರು. ತೂಕದ ಸಾದೃಶ್ಯವೊಂದೇ ಹೇತುವಾಗಲಾರದೆಂಬುದು ಸ್ಪಷ್ಟವಾಯಿತು.

ಅದೇ ವರ್ಷ ಬ್ರಿಸ್ಟಲಿನ ಪವೆಲ್ ಮತ್ತು ಅವನ ಸಂಗಡಿಗರು, ಬೆಟ್ಟದ ಮೇಲಿಟ್ಟ ಛಾಯಾಚಿತ್ರ ಫಲಕಗಳಲ್ಲಿ ನಿಜವಾದ ಕಣವನ್ನು ಕಂಡರು. ಪಯಾನ್ ಎಂಬುದು ಅದರ ಹೆಸರು. ಯುಕಾವನಿಗೆ 1949ರಲ್ಲಿಯೂ ಪವೆಲನಿಗೆ 1950ರಲ್ಲಿಯೂ ನೊಬೆಲ್ ಪಾರಿತೋಷಕ ಸಂದಿತು. ಪ್ರೋಟಾನು ನ್ಯೂಟ್ರಾನುಗಳೂ ಕ್ವಾರ್ಕುಗಳೆಂಬ ಅವಯವಗಳಿಂದಾದುವೆಂದೂ, ಆ ಕ್ವಾರ್ಕುಗಳನ್ನು ಬಿಗಿಯುವ ಮಹಾಬಲದ ಶೇಷವೇ ಬೀಜದ ಬಂಧನವೆಂದೂ 1964ರಿಂದ ಈಚೆಗೆ ತಿಳಿದುಬಂದಿದೆ.

ಇಷ್ಟನ್ನು ಗ್ರಂಥಗಳು ಹೇಳುವುವು. ಆದರೆ ಪವೆಲನಿಗಿಂತ ಮುಂಚೆಯೇ ಕಲ್ಕತ್ತೆಯ ದೇವೇಂದ್ರ ಮೋಹನ ಬೋಸರೂ ಬಿಭಾ ಚೌಧುರಿಯವರೂ ಡಾರ್ಜಿಲಿಂಗಿನಲ್ಲಿಯೂ ಸುಮಾರು 12,000 ಅಡಿ ಎತ್ತರದ ಸಂದಕ್‌ಫುವಿನಲ್ಲಿಯೂ ಇಂಥ ಫಲಕಗಳನ್ನೇ ಇಟ್ಟು, ಇದೇ ಮಾರ್ಗದಿಂದ ಕಣಗಳ ತೂಕವನ್ನು ಅಳೆದು, 1940ರಿಂದ 1942ರವರೆಗೆ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಯುದ್ಧಕಾಲದಲ್ಲಿ ಉತ್ತಮವಾದ ಫಲಕಗಳು ದೊರೆಯದೆ ಆ ಕಾರ್ಯವು ಅಷ್ಟಕ್ಕೇ ನಿಂತಿತು. ಸಾಮಗ್ರಿಯ ಅಭಾವವನ್ನು ಬುದ್ಧಿಯ ಅಭಾವವೆಂದು ಎಣಿಸಬಾರದು. ಇತಿಹಾಸವನ್ನು ಬರೆಯುವವರು ಫಲವನ್ನು ಪಡೆದವನೊಡನೆ ದಾರಿಯನ್ನು ತುಳಿದವರನ್ನೂ ಹೆಸರಿಸತಕ್ಕದ್ದು. 2019ರಲ್ಲಿ ನಕ್ಷತ್ರವೊಂದಕ್ಕೆ ಬಿಭಾ ಎಂದು ನಾಮಕರಣವಾಯಿತು. ಸಂಸ್ಕೃತದ ವಿಭಾ ಶಬ್ದವೇ ಅದು; ಕಾಂತಿಯೆಂದು ಅರ್ಥ. ಆ ನಕ್ಷತ್ರವನ್ನು ಸುತ್ತುವ ಗ್ರಹಕ್ಕೆ ಕೊಟ್ಟ ಹೆಸರು ಸಂತಮಸ.