ಹುಲ್ಲುಗಳಲ್ಲಿ ಮೈಕೊರೈಜಾ

ಹುಲ್ಲಿನ ಕುಟುಂಬದ ಸಸ್ಯಗಳ ಬೇರಿಗೂ ಮಣ್ಣಿನಲ್ಲಿರುವ ಕೆಲವು ಉಪಕಾರಿ ಶಿಲೀಂಧ್ರಗಳಿಗೂ ನಡುವಿನ ಸಹಜೀವನವನ್ನು ಮೈಕೊರೈಜಾ ಎನ್ನುತ್ತಾರೆ. ಗ್ರೀಕ್ ಭಾಷೆಯ ‘ಶಿಲೀಂಧ್ರ’ ಮತ್ತು ‘ಬೇರು’ ಎಂಬ ಅರ್ಥದ ಪದಗಳನ್ನು ಕೂಡಿಸಿ ಜರ್ಮನಿಯ ಸಸ್ಯವಿಜ್ಞಾನಿ ಎ. ಬಿ. ಫ್ರಾಂಕ್ 1885ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಗರಿಕೆಯಂತೆಯೇ ಜೋಳ, ಗೋವಿನಜೋಳ, ಕಬ್ಬು, ಗೋಧಿ, ಭತ್ತಗಳೂ ಹುಲ್ಲುಗಳೇ. ಆದುದರಿಂದ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಈ ಸಂಬಂಧವು ಮೇವಿಗೆ ಮಾತ್ರವಲ್ಲ, ರೊಟ್ಟಿಗೂ ಸಂಬಂಧಿಸಿದ್ದು.

ಕಾರ್ಯವಿಧಾನ

ಶಿಲೀಂಧ್ರದ ಎಳೆಗಳು ಬೇರಿನ ಜೀವಕೋಶಗಳೊಳಗೆ ಪುಟ್ಟ ಗಿಡದಂತೆ ಕವಲೊಡೆಯುತ್ತವೆ. ಸಸ್ಯ ಮತ್ತು ಶಿಲೀಂಧ್ರಗಳ ಕೊಡುಕೊಳ್ಳುವಿಕೆ ಅಲ್ಲಿ ನಡೆಯುತ್ತದೆ. ಸಸ್ಯವು ತಾನು ತಯಾರಿಸಿದ ಆಹಾರದ ಸುಮಾರು ಶೇ. 4ರಿಂದ 20ರಷ್ಟನ್ನು ಶಿಲೀಂಧ್ರಕ್ಕೆ ಬಿಟ್ಟುಕೊಡುತ್ತದೆ. ಪ್ರತಿಯಾಗಿ ಶಿಲೀಂಧ್ರವು ರಂಜಕ, ಸತು ಮೊದಲಾದ ಪೋಷಕಾಂಶಗಳನ್ನು ತಂದುಕೊಡುತ್ತದೆ. ರಂಜಕವು ಮಣ್ಣಿನಲ್ಲಿ ಬಹಳ ನಿಧಾನವಾಗಿ ಚಲಿಸುವುದರಿಂದ, ಬೇರಿನ ಸುತ್ತ ಒಂದೆರಡು ಮಿಲಿಮೀಟರಿನಷ್ಟು ಜಾಗದಲ್ಲಿರುವುದು ಬೇಗನೆ ಬರಿದಾಗುತ್ತದೆ. ಶಿಲೀಂಧ್ರದ ಎಳೆಗಳು ಆ ಎಲ್ಲೆಯನ್ನು ದಾಟಿ ಹಲವು ಸೆಂಟಿಮೀಟರ್ ದೂರದವರೆಗೆ ಚಾಚುತ್ತವೆ. ದ್ವಿದಳ ಸಸ್ಯಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವಂತೆ ಈ ಶಿಲೀಂಧ್ರಗಳು ಹೊಸ ರಂಜಕವನ್ನೇನೂ ಮಣ್ಣಿಗೆ ಸೇರಿಸುವುದಿಲ್ಲ. ಇದ್ದುದನ್ನು ಬೇರಿಗೆ ತಲುಪಿಸುತ್ತವೆ, ಅಷ್ಟೆ. ಈ ವ್ಯತ್ಯಾಸವನ್ನು ಮರೆತು ಇವನ್ನು ಗೊಬ್ಬರವೆಂದೇ ಕರೆಯುವುದು ಸರಿಯಲ್ಲ.

ಎರೆಭೂಮಿಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣು ಹಾಕಿದ ರಂಜಕದ ಬಹುಭಾಗವನ್ನು ತನ್ನಲ್ಲೇ ಕಟ್ಟಿಹಾಕುತ್ತದೆ. ಮಣ್ಣಿನಲ್ಲಿ ರಂಜಕವಿದ್ದೂ ಹಿಂಗಾರಿ ಜೋಳ ಸೊರಗುವುದಕ್ಕೆ ಇದೂ ಒಂದು ಕಾರಣ.

ಹುಲ್ಲುಗಳಲ್ಲಿನ ವ್ಯತ್ಯಾಸ

ಎಲ್ಲ ಹುಲ್ಲುಗಳೂ ಶಿಲೀಂಧ್ರವನ್ನು ಒಂದೇ ಪ್ರಮಾಣದಲ್ಲಿ ಅವಲಂಬಿಸಿಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಹುಲ್ಲುಗಾವಲಿನ ಸಸ್ಯಗಳ ಮೇಲೆ 1980ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ, ಬೆಚ್ಚನೆಯ ಋತುವಿನ ಹುಲ್ಲುಗಳು ಶಿಲೀಂಧ್ರವಿಲ್ಲದೆ ತೀರ ಕುಗ್ಗಿದವು. ತಂಪು ಋತುವಿನ, ನವಿರಾದ ಬೇರಿನ ಹುಲ್ಲುಗಳಿಗೆ ಅಷ್ಟು ವ್ಯತ್ಯಾಸವಾಗಲಿಲ್ಲ. ಜೋಳ ಮತ್ತು ಕಬ್ಬುಗಳು ಮೊದಲ ಗುಂಪಿನ ಹತ್ತಿರದ ಬಂಧುಗಳು. ಗೋಧಿ ಎರಡನೆಯ ಬಗೆಯದು. ಭತ್ತಕ್ಕೂ ಈ ಶಿಲೀಂಧ್ರಗಳ ಸಹವಾಸವಿದೆಯಾದರೂ, ಇವು ಬದುಕಲು ಗಾಳಿ ಬೇಕಾದ್ದರಿಂದ ನೀರು ನಿಂತ ಗದ್ದೆಯಲ್ಲಿ ಅದು ಕ್ಷೀಣಿಸುತ್ತದೆ. ಮಳೆ ಹೆಚ್ಚಿರುವ ಕಿತ್ತೂರಿನ ಭತ್ತದ ಭೂಮಿಗೂ ಒಣಹವೆಯ ರಾಮದುರ್ಗದ ಜೋಳದ ಹೊಲಕ್ಕೂ ಒಂದೇ ಸಲಹೆ ಹೊಂದದು.

ಕುಗ್ಗುವಿಕೆ ಮತ್ತು ಪೋಷಣೆ

ರಂಜಕದ ಗೊಬ್ಬರ ಅತಿಯಾದಾಗ ಸಸ್ಯವೇ ಶಿಲೀಂಧ್ರವನ್ನು ದೂರವಿಡುತ್ತದೆ. ಪದೇಪದೇ ಆಳವಾಗಿ ಉಳುವುದರಿಂದ ಎಳೆಗಳ ಜಾಲ ಹರಿಯುತ್ತದೆ. ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಹರಿಯುವ ಪ್ರದೇಶದಲ್ಲೂ ನೀರು ಬಸಿಯದೆ ನಿಂತ ಹೊಲಗಳಿಗೆ ಭತ್ತದ ಗದ್ದೆಯ ಮಾತೇ ಅನ್ವಯಿಸುತ್ತದೆ. ಎಲೆಕೋಸು, ಸಾಸಿವೆಗಳ ಬೇರಿನಲ್ಲಿ ಇವು ನೆಲೆಸುವುದಿಲ್ಲವಾದ್ದರಿಂದ, ಅವುಗಳ ನಂತರದ ಬೆಳೆಗೆ ಮಣ್ಣಿನಲ್ಲಿ ಶಿಲೀಂಧ್ರ ಕಡಿಮೆಯಾಗಿರಬಹುದು.

ಕರ್ನಾಟಕದಲ್ಲಿ ಈ ವಿಷಯದ ಸಂಶೋಧನೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಯಾಗಿದ್ದ ಡಿ. ಜೆ. ಬಾಗ್ಯರಾಜ್ ಹೆಸರಾದವರು. ಈ ಶಿಲೀಂಧ್ರಗಳು ಜೀವಂತ ಬೇರಿನ ಆಸರೆಯಿಲ್ಲದೆ ಬೆಳೆಯಲಾರವು. ಹೀಗಾಗಿ ‘ವ್ಯಾಮ್’ ಎಂಬ ಹೆಸರಿನಲ್ಲಿ ರೈತರಿಗೆ ದೊರೆಯುವ ಪುಡಿಯನ್ನು ತಯಾರಿಸಲು ಜೋಳ, ಗೋವಿನಜೋಳದಂತಹ ಹುಲ್ಲುಗಳನ್ನೇ ಕುಂಡಗಳಲ್ಲಿ ಬೆಳೆಸಿ, ಅವುಗಳ ಬೇರಿನ ಚೂರು ಮತ್ತು ಸುತ್ತಲಿನ ಮಣ್ಣನ್ನು ಬಳಸುವುದು ವಾಡಿಕೆ. ಅದನ್ನು ಬಿತ್ತುವಾಗ ಬೀಜದ ಕೆಳಗೆ, ಮೊದಲ ಬೇರು ತಗಲುವಂತೆ ಹಾಕುತ್ತಾರೆ.