ಮನೆ ಬಿಯರಿಗೆ ಗ್ಯಾಸ್ ತುಂಬೋದು ಹೇಗೆ, ಬಾಟಲಿ ಸಿಡಿಯೋದು ಯಾಕೆ?

ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಬಿಯರಿಗೆ ಒತ್ತಡ ಹಾಕಿ ಗ್ಯಾಸ್ ತುಂಬುತ್ತವೆ. ನಾನಿರುವ ಇಂಗ್ಲೆಂಡಿನಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮಂಥವರು ಆ ಕೆಲಸವನ್ನು ಯೀಸ್ಟಿಗೇ ಬಿಡುತ್ತೇವೆ. ಹುದುಗು ಮುಗಿದ ಬಿಯರಿಗೆ ಅಳೆದ ಸಕ್ಕರೆ ಬೆರೆಸಿ, ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ, ಅದರಲ್ಲಿ ಉಳಿದಿರುವ ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ಇದೇ ಪ್ರೈಮಿಂಗ್. ರಾತ್ರಿಯಿಡೀ ಇಡ್ಲಿ ಹಿಟ್ಟು ಉಕ್ಕುತ್ತಲ್ಲ, ಅದೇ ಗ್ಯಾಸು. ಇಲ್ಲಿ ಮುಚ್ಚಳ ಭದ್ರ, ಅಷ್ಟೇ ವ್ಯತ್ಯಾಸ.

ಸಕ್ಕರೆ ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ ಅದನ್ನು 1 ವಾಲ್ಯೂಮ್ ಅಂತಾರೆ. ಇಂಗ್ಲಿಷ್ ಬಿಟರಿಗೆ 2 ಸಾಕು, ಅಮೆರಿಕನ್ ಪೇಲ್ ಏಲಿಗೆ 2.5 ಬೇಕು, ಜರ್ಮನ್ ಗೋಧಿ ಬಿಯರಿಗೆ 3.5ರ ಆಸುಪಾಸು. ಲೀಟರಿಗೆ 4 ಗ್ರಾಂ ಸಾದಾ ಸಕ್ಕರೆ ಹಾಕಿದರೆ ಹೆಚ್ಚೂಕಡಿಮೆ 1 ವಾಲ್ಯೂಮ್ ಸಿಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿದ ಬಿಯರಿನಲ್ಲಿ ಸುಮಾರು 0.85 ವಾಲ್ಯೂಮ್ ಮೊದಲೇ ಇರುತ್ತದೆ, ಅದನ್ನು ಕಳೆಯಬೇಕು. ಅಲ್ಲಿಗೆ 23 ಲೀಟರ್ ಬಿಟರಿಗೆ ಸುಮಾರು 105 ಗ್ರಾಂ, ಪೇಲ್ ಏಲಿಗೆ 150 ಗ್ರಾಂ. ಬಾಟಲಿಗೆ ತುಂಬುವ ಮುಂಚೆ ಬಿಯರನ್ನು ಫ್ರಿಜ್ಜಿನಲ್ಲಿಟ್ಟು ತಿಳಿಯಾಗಿಸಿದ್ದರೂ ಲೆಕ್ಕಕ್ಕೆ ಹಿಡಿಯಬೇಕಾದ್ದು ಆ ತಣ್ಣನೆಯ ತಾಪಮಾನವನ್ನಲ್ಲ, ಹುದುಗಿನ ಕೊನೆಯಲ್ಲಿ ಅದು ಮುಟ್ಟಿದ ಹೆಚ್ಚಿನ ತಾಪಮಾನವನ್ನು.

ಸಕ್ಕರೆಯನ್ನು ಸ್ವಲ್ಪ ನೀರಲ್ಲಿ ಕುದಿಸಿ, ಆರಿಸಿ, ಶುಚಿ ಮಾಡಿದ ಬಕೆಟ್ಟಿಗೆ ಹಾಕಿ. ಅದರ ಮೇಲೆ ಪೈಪಿನಿಂದ ಬಿಯರ್ ಇಳಿಸಿ. ಸದ್ದಿಲ್ಲದೆ ಇಳಿಯಬೇಕು; ಗಾಳಿ ಸೇರಿದರೆ ರುಚಿ ಕೆಡುತ್ತದೆ. ಬಾಟಲಿಯ ಮೇಲ್ಭಾಗದಲ್ಲಿ ಎರಡೂವರೆ ಸೆಂಟಿಮೀಟರ್ ಖಾಲಿ ಬಿಡಿ. ಒಂದೊಂದು ಬಾಟಲಿಗೂ ಚಮಚದಲ್ಲಿ ಸಕ್ಕರೆ ಸುರಿಯೋದು ನನಗೆ ಇಷ್ಟವಿಲ್ಲದ ಪದ್ಧತಿ, ಒಂದು ಸಪ್ಪೆ, ಇನ್ನೊಂದು ಕಾರಂಜಿ.

ಆದರೆ ಬಾಟಲಿ ಸಿಡಿಯೋದು ಬರೀ ಈ ಸಕ್ಕರೆಯಿಂದಲ್ಲ. ಹುದುಗು ಪೂರ್ತಿ ಆಗದೆ ತುಂಬುವ ಆತುರವೇ ಹೆಚ್ಚು ಅಪಾಯಕಾರಿ. ಹೈಡ್ರೋಮೀಟರ್ ಇನ್ನೂ 0.004 ಇಳಿಯಬೇಕಿದ್ದಾಗಲೇ ತುಂಬಿದರೆ ಸುಮಾರು 2 ವಾಲ್ಯೂಮ್ ಹೆಚ್ಚುವರಿ ಗ್ಯಾಸ್ ಹುಟ್ಟುತ್ತದೆ. ಬಿಟರ್ ಬಾಟಲಿಯೊಳಗೆ ದುಪ್ಪಟ್ಟು! ಸಾಮಾನ್ಯ ಗಾಜು ತಡೆಯದೇ ಇರಬಹುದು, ಚೂರುಗಳು ಕಣ್ಣಿಗೇ ಹಾರಬಹುದು. ಅದಕ್ಕೇ ಎರಡು ಮೂರು ದಿನಗಳ ಅಂತರದಲ್ಲಿ ಅಳೆದು, ಅಂಕಿ ಬದಲಾಗದೆ ನಿಂತಿದ್ದರೆ ಮಾತ್ರ ತುಂಬಬೇಕು. ತೆಳು ಗಾಜು, ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇಡವೇ ಬೇಡ.

ಈ ಹೈಡ್ರೋಮೀಟರ್ ಇಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗೋದಕ್ಕೆ ಒಂದು ರಾಜಕೀಯ ಇತಿಹಾಸವಿದೆ. 1880ರಿಂದ ಬ್ರಿಟನ್ನಿನಲ್ಲಿ ಮನೆಯಲ್ಲಿ ಬಿಯರ್ ಮಾಡಲೂ ಲೈಸೆನ್ಸ್ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ಕಿತ್ತುಹಾಕಿದರು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಎರಡೂ ಕಡೆ ಮಾರುವಂತಿಲ್ಲ, ಕುಡಿಯಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದ ತಯಾರಿಕೆ ಅಪರಾಧ, ಹಾಗಾಗಿ ಇದನ್ನು ಓದಿ ಅಲ್ಲಿ ಬಕೆಟ್ ಹುಡುಕಬೇಡಿ. ಕದ್ದುಮುಚ್ಚಿ ಮಾಡುವ ಕಡೆ ಅಳತೆಯ ಮಾತು ಬಾಯಿಗೇ ಬರೋದಿಲ್ಲ ಅನ್ನೋದು ನನ್ನ ತಕರಾರು. ಆ ಚರ್ಚೆ ವಿಧಾನಸಭೆಯಲ್ಲಿ ಆಗಲಿ.

ತುಂಬಿದ ಬಾಟಲಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ, 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಜೊತೆಗೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಡಿ. ಅದನ್ನು ಒತ್ತಿ ನೋಡಿದರೆ ಒಳಗಿನ ಒತ್ತಡ ಕೈಗೆ ಗೊತ್ತಾಗುತ್ತೆ. ಗಟ್ಟಿಯಾದ ಮೇಲೆ ಎರಡು ದಿನ ಫ್ರಿಜ್ಜು. ಸುರಿಯುವಾಗ ತಳದ ಯೀಸ್ಟ್ ಬಾಟಲಿಯಲ್ಲೇ ಉಳಿಯಲಿ.